ಒಣಮೀನು ಬಿಟ್ಟು ಬರೀ ಹಿಂಡಿಯಿಂದ ಕೋಳಿಮರಿ ಬೆಳೆಸಬಹುದೇ?

ಮಲಪ್ರಭಾ ದಂಡೆ (ಬಾದಾಮಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಸ್ವರ್ಣಧಾರಾ ತಳಿಯ ಕೋಳಿಮರಿಗಳನ್ನು ಸಾಕುತ್ತಿದ್ದೇವೆ. ಒಂದು ದಿನದ ಮರಿ ತಂದು, ಎರಡು ತಿಂಗಳು ಬೆಳೆಸಿ, ಸುತ್ತಲಿನ ಹಳ್ಳಿಗಳ ಮನೆಗಳಿಗೆ ಮಾರುತ್ತೇವೆ. ಇಲ್ಲಿಯವರೆಗೆ ಅಂಗಡಿಯ ಚೀಲದ ಆಹಾರವನ್ನೇ ಹಾಕುತ್ತಿದ್ದೆವು. ಅದರ ದರಕ್ಕೂ ನಮಗೆ ಉಳಿಯುವ ದುಡ್ಡಿಗೂ ಹೊಂದಾಣಿಕೆ ಆಗುತ್ತಿಲ್ಲ. ಆದ್ದರಿಂದ ನಾವೇ ಕಲಸಿಕೊಳ್ಳಬೇಕು ಎಂದು ನಿರ್ಧರಿಸಿದ್ದೇವೆ.

ಕೇಳಿದವರೆಲ್ಲ ಒಣಮೀನಿನ ಪುಡಿ ಇಲ್ಲದೆ ಮರಿ ಏಳುವುದಿಲ್ಲ ಎನ್ನುತ್ತಾರೆ. ನಮಗೆ ಸಿಗುವ ಪುಡಿಯಲ್ಲಿ ಮರಳು, ಉಪ್ಪು ವಿಪರೀತ. ಮೇಲಾಗಿ ಸಂಘದ ಕೆಲವರ ಮನೆಗಳಲ್ಲಿ ಮೀನು ಹೊಸ್ತಿಲು ದಾಟುವಂತಿಲ್ಲ, ಅವರ ಹಿತ್ತಲಲ್ಲೇ ಮರಿಗಳ ಗೂಡು ಇದೆ. ಅವರ ಮನಸ್ಸು ನೋಯಿಸಿ ಈ ಕೆಲಸ ಮಾಡಲು ನಮಗೆ ಇಷ್ಟವಿಲ್ಲ. ನಮ್ಮ ಕಡೆ ಶೇಂಗಾ ಹಿಂಡಿ, ಸೂರ್ಯಕಾಂತಿ ಹಿಂಡಿ, ಕುಸುಬೆ ಹಿಂಡಿ, ಹತ್ತಿಕಾಳು ಹಿಂಡಿ ಸಿಗುತ್ತವೆ. ಬರೀ ಇವುಗಳಿಂದ ಮರಿ ಬೆಳೆಸಲು ಸಾಧ್ಯವೇ? ಯಾವುದು, ಎಷ್ಟು?

ಗಾಣದ ಮನೆ (ಇಂಡಿ)

ಅಕ್ಕನವರೇ, ಶೇಂಗಾ ಹಿಂಡಿ ಇರುವಾಗ ಬೇರೆ ಯಾವುದರ ಗೊಡವೆ ಏಕೆ? ಅದರಲ್ಲಿ ಶೇ. 40ರ ಮೇಲೆ ಪ್ರೋಟೀನ್ ಇರುತ್ತದೆ. ರುಚಿ ಹತ್ತಿದರೆ ಮರಿಗಳು ಮುಗಿಬಿದ್ದು ತಿನ್ನುತ್ತವೆ. ಜೋಳದ ನುಚ್ಚು, ಶೇಂಗಾ ಹಿಂಡಿ, ಒಂದಿಷ್ಟು ಖನಿಜ ಮಿಶ್ರಣ, ಇಷ್ಟು ಸಾಕು. ನಮ್ಮ ಗಾಣದಿಂದ ಒಯ್ಯುವ ಕೋಳಿ ಸಾಕುವವರು ಬಹಳ ಜನ ಇದ್ದಾರೆ.

ಜವಾರಿ ಗೂಡು (ಜಮಖಂಡಿ)

ನಾನು ಜವಾರಿ ಕೋಳಿ ಸಾಕುವವನು. ನನ್ನ ಮರಿಗಳಿಗೆ ಮೀನೂ ಇಲ್ಲ, ಹಿಂಡಿಯೂ ಇಲ್ಲ. ತಾಯಿಯ ಹಿಂದೆ ತಿಪ್ಪೆ ಕೆದರಿಕೊಂಡು ಬೆಳೆಯುತ್ತವೆ. ಸಂಜೆ ಒಂದು ಹಿಡಿ ಸಜ್ಜೆ ಚೆಲ್ಲುತ್ತೇನೆ. ಇಷ್ಟೆಲ್ಲ ಲೆಕ್ಕ ಬೇಕೇ ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ನಿವೃತ್ತ ಪಶುವೈದ್ಯ (ಗೋಕಾಕ)

ಮೊದಲು ಜಮಖಂಡಿಯವರಿಗೆ ಉತ್ತರ ಹೇಳುತ್ತೇನೆ, ಅದರಿಂದಲೇ ಉಳಿದದ್ದೂ ತಿಳಿಯಾಗುತ್ತದೆ. ನಿಮ್ಮ ಮರಿಗಳು ಸಸ್ಯಾಹಾರದ ಮೇಲೆ ಬೆಳೆಯುತ್ತಿಲ್ಲ, ಅಣ್ಣನವರೇ. ತಿಪ್ಪೆಯಲ್ಲಿ ಹುಳ, ಗೆದ್ದಲು, ಎರೆಹುಳು ಎಲ್ಲವೂ ಸಿಗುತ್ತವೆ. ಸಗಣಿಯಲ್ಲಿ ಸೂಕ್ಷ್ಮಜೀವಿಗಳು ತಯಾರಿಸಿದ ಬಿ12 ಜೀವಸತ್ವವೂ ಇರುತ್ತದೆ. ಬಾದಾಮಿಯ ಅಕ್ಕನವರ ಮರಿಗಳು ಬ್ರೂಡರ್ ಒಳಗೆ, ಅಂದರೆ ಕಾವು ಕೊಡುವ ಗೂಡಿನೊಳಗೆ ಇರುವಂಥವು. ತಟ್ಟೆಯಲ್ಲಿ ಏನಿದೆಯೋ ಅಷ್ಟೇ ಅವುಗಳ ಪಾಲು. ಜೊತೆಗೆ ಸ್ವರ್ಣಧಾರಾ ತಳಿ ಜವಾರಿಗಿಂತ ಬೇಗ ಬೆಳೆಯುವುದರಿಂದ ಹಸಿವೂ ಹೆಚ್ಚು.

ಹಿಂದೆ ಜಗತ್ತಿನಲ್ಲೆಲ್ಲ ಇದೇ ಪ್ರಶ್ನೆ ಇತ್ತು. ಬರೀ ಸಸ್ಯಮೂಲದ ಆಹಾರ ಕೊಟ್ಟರೆ ಮರಿಗಳು ಸೊರಗುತ್ತಿದ್ದವು, ಸ್ವಲ್ಪ ಮೀನಿನ ಪುಡಿ ಬೆರೆಸಿದೊಡನೆ ಚೇತರಿಸಿಕೊಳ್ಳುತ್ತಿದ್ದವು. ಪ್ರಾಣಿಮೂಲದ ಪ್ರೋಟೀನಿನಲ್ಲಿ ಏನೋ ಗುಟ್ಟಿದೆ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು. 1948ರಲ್ಲಿ ಬಿ12 ಜೀವಸತ್ವವನ್ನು ಬೇರ್ಪಡಿಸಿದ ಮೇಲೆ ಆ ಗುಟ್ಟಿನ ಬಹುಪಾಲು ಅದೇ ಎಂದು ತಿಳಿಯಿತು. ಗಿಡದ ಯಾವ ಹಿಂಡಿಯಲ್ಲೂ ಬಿ12 ಇಲ್ಲ. ಈಗ ಜೀವಸತ್ವಗಳ ಪೊಟ್ಟಣದಲ್ಲಿ ಅದು ಸಿಗುತ್ತದೆ. ಆದ್ದರಿಂದ ಮೀನಿಲ್ಲದೆ ಮರಿ ಬೆಳೆಸಲು ಖಂಡಿತ ಸಾಧ್ಯ. ನಮ್ಮ ದೇಶದ ದೊಡ್ಡ ಕೋಳಿ ಫಾರಂಗಳ ಆಹಾರವೂ ಹೆಚ್ಚಾಗಿ ಗೋವಿನಜೋಳ ಮತ್ತು ಸೋಯಾ ಹಿಂಡಿಯ ಮೇಲೆಯೇ ನಿಂತಿದೆ.

ಇನ್ನು ಇಂಡಿಯವರ ಮಾತು. ಶೇ. 40 ಪ್ರೋಟೀನ್ ಎಂಬುದು ನಿಜ, ಆದರೆ ಅದು ಅರ್ಧ ಲೆಕ್ಕ. ಮರಿಗೆ ಬೇಕಾಗಿರುವುದು ಪ್ರೋಟೀನಿನೊಳಗಿನ ಅಮೈನೋ ಆಮ್ಲಗಳು, ಅವುಗಳಲ್ಲೂ ಮುಖ್ಯವಾಗಿ ಲೈಸಿನ್ ಮತ್ತು ಮಿಥಿಯೋನಿನ್. ಭಾರತೀಯ ಮಾನಕ ಸಂಸ್ಥೆಯ 2007ರ ಕೋಳಿ ಆಹಾರದ ಮಾನದಂಡದಂತೆ ಮೊಟ್ಟೆ ತಳಿಯ ಮರಿಗೆ ಶೇ. 20 ಪ್ರೋಟೀನ್, ಶೇ. 1 ಲೈಸಿನ್, ಶೇ. 0.4 ಮಿಥಿಯೋನಿನ್ ಬೇಕು. ಸ್ವರ್ಣಧಾರಾ, ಗಿರಿರಾಜ ಮರಿಗಳಿಗೂ ಇದಕ್ಕಿಂತ ಕಡಿಮೆ ಮಾಡಬಾರದು.

ನೂರು ಕಿಲೋ ಆಹಾರಕ್ಕೆ 68 ಕಿಲೋ ಬಿಳಿಜೋಳ, 28 ಕಿಲೋ ಶೇಂಗಾ ಹಿಂಡಿ ಹಾಕಿದಿರಿ ಎನ್ನಿ. ಉಳಿದ 4 ಕಿಲೋ ಖನಿಜ, ಉಪ್ಪು, ಜೀವಸತ್ವ. ಜೋಳದಲ್ಲಿ ಶೇ. 10, ಒಳ್ಳೆಯ ಶೇಂಗಾ ಹಿಂಡಿಯಲ್ಲಿ ಶೇ. 45 ಪ್ರೋಟೀನ್ ಎಂದು ಹಿಡಿದರೆ ಒಟ್ಟು ಶೇ. 19.4 ಬರುತ್ತದೆ. ನೋಡಿದವರು ಸರಿಯಾಗಿದೆ ಎನ್ನುತ್ತಾರೆ. ಈಗ ಲೈಸಿನ್ ಲೆಕ್ಕ ಹಾಕಿ. ಜೋಳದಲ್ಲಿ ಅದು ಸುಮಾರು ಶೇ. 0.22, ಶೇಂಗಾ ಹಿಂಡಿಯಲ್ಲಿ ಸುಮಾರು ಶೇ. 1.5. ಎರಡೂ ಸೇರಿ ಶೇ. 0.57 ಆಗುತ್ತದೆ. ಬೇಕಾದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಸಿದರೆ ಇನ್ನೊಂದಕ್ಕೆ ಎಷ್ಟು ಬಲವಿದ್ದರೂ ಗಾಡಿ ಸಾಗುವುದಿಲ್ಲ. ಲೈಸಿನ್ ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳನ್ನು ಮರಿ ಮೈಗೂಡಿಸಿಕೊಳ್ಳಲಾರದು. ಅವು ಒಡೆದು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೊರಹೋಗುತ್ತವೆ. ಹಾಸು ಒದ್ದೆಯಾಗುತ್ತದೆ, ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ನೀವು ಹಿಂಡಿಗೆ ಕೊಟ್ಟ ದುಡ್ಡು ಗೊಬ್ಬರಕ್ಕೆ ಸೇರುತ್ತದೆ.

ಅದೇ 28 ಕಿಲೋ ಜಾಗದಲ್ಲಿ ಸೋಯಾ ಹಿಂಡಿ ಹಾಕಿ ನೋಡಿ. ಪ್ರೋಟೀನ್ ಅಷ್ಟೇ. ಲೈಸಿನ್ ಮಾತ್ರ ಶೇ. 0.93ಕ್ಕೆ ಏರುತ್ತದೆ, ಏಕೆಂದರೆ ಸೋಯಾ ಹಿಂಡಿಯಲ್ಲಿ ಅದು ಸುಮಾರು ಶೇ. 2.8 ಇದೆ. ಮರಿಗಳ ಮಟ್ಟಿಗೆ ಸೋಯಾ ಹಿಂಡಿಗೆ ಸಾಟಿಯಾದ ಇನ್ನೊಂದು ಹಿಂಡಿ ನಮ್ಮ ಮಾರುಕಟ್ಟೆಯಲ್ಲಿ ಇಲ್ಲ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮಲಪ್ರಭಾ ದಂಡೆ (ಬಾದಾಮಿ ತಾಲ್ಲೂಕು)

ಡಾಕ್ಟರ್ ಸಾಹೇಬರೇ, ಚೀಲದ ಮೇಲೆ ಬರೆದಿರುವ ಪ್ರೋಟೀನ್ ಅಂಕಿ ನೋಡಿಯೇ ನಾವು ವ್ಯಾಪಾರ ಮುಗಿಸುತ್ತಿದ್ದೆವು. ಸೋಯಾ ನಮ್ಮ ಊರಲ್ಲಿ ಬೆಳೆಯುವುದಿಲ್ಲ. ಬೈಲಹೊಂಗಲ ಕಡೆಯಿಂದ ಕಾಳನ್ನೇ ತಂದು ಬೀಸಿ ಹಾಕಿದರೆ ಆಗುವುದಿಲ್ಲವೇ? ಎಣ್ಣೆಯೂ ಅದರಲ್ಲೇ ಉಳಿಯುತ್ತದೆ.

ಸೋಯಾ ಹೊಲ (ಬೈಲಹೊಂಗಲ)

ಬೇಡ ಅಕ್ಕ, ಹಸಿಕಾಳು ಖಂಡಿತ ಬೇಡ! ನಾನು ಮಾರುವವನೇ ಆದರೂ ಹೇಳುತ್ತಿದ್ದೇನೆ. ಮುಂದಿನದನ್ನು ಡಾಕ್ಟರು ಬಿಡಿಸಿ ಹೇಳಲಿ.

ನಿವೃತ್ತ ಪಶುವೈದ್ಯ (ಗೋಕಾಕ)

ಬೈಲಹೊಂಗಲದವರು ಸರಿಯಾದ ಮಾತು ಹೇಳಿದರು. ಹಸಿ ಸೋಯಾಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣರಸವನ್ನು ತಡೆಯುವ ಅಂಶವಿದೆ. ಅದನ್ನು ತಿಂದ ಮರಿಯ ಮೇದೋಜೀರಕ ಗ್ರಂಥಿ ಊದುತ್ತದೆ, ತಿಂದದ್ದು ಅರಗದೆ ಹೋಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಬೇಯಿಸಿದ ಸೋಯಾ ತಿಂದ ಇಲಿಗಳು ಬೆಳೆಯುತ್ತವೆ, ಹಸಿಯದು ತಿಂದವು ಬೆಳೆಯುವುದಿಲ್ಲ ಎಂಬುದನ್ನು 1917ರಲ್ಲೇ ಆಸ್‌ಬರ್ನ್ ಮತ್ತು ಮೆಂಡೆಲ್ ತೋರಿಸಿದ್ದರು. ಎಣ್ಣೆ ತೆಗೆಯುವ ದೊಡ್ಡ ಕಾರ್ಖಾನೆಗಳಲ್ಲಿ ಹಿಂಡಿಯನ್ನು ಉಗಿಯಿಂದ ಬೇಯಿಸುವುದರಿಂದ ಆ ಅಂಶ ಸಾಯುತ್ತದೆ. ತಣ್ಣಗೆ ಹಿಂಡಿದ ಗಾಣದ ಸೋಯಾ ಹಿಂಡಿಗೆ ಆ ಭರವಸೆ ಇಲ್ಲ, ಇದನ್ನು ಎಲ್ಲರೂ ಗಮನದಲ್ಲಿಡಿ.

ಹಿಂಡಿ ಬೆಂದಿದೆಯೇ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಯೂರಿಯೇಸ್ ಪರೀಕ್ಷೆ ಮಾಡುತ್ತಾರೆ. ಯೂರಿಯೇಸ್ ಹಸಿಕಾಳಿನಲ್ಲಿರುವ ಕಿಣ್ವ, ಬೆಂದರೆ ಅದೂ ಸಾಯುತ್ತದೆ. ಯೂರಿಯಾ ದ್ರಾವಣದಲ್ಲಿ ಹಿಂಡಿಯನ್ನಿಟ್ಟು ಪಿಎಚ್ ಎಷ್ಟು ಏರಿತು ಎಂದು ನೋಡುತ್ತಾರೆ. ಏರಿಕೆ 0.05ರಿಂದ 0.20ರ ನಡುವೆ ಇದ್ದರೆ ಹದವಾಗಿ ಬೆಂದಿದೆ ಎಂದರ್ಥ. ಅದಕ್ಕಿಂತ ಹೆಚ್ಚಾದರೆ ಹಸಿ. ತೀರ ಕಡಿಮೆ ಇದ್ದು ಬಣ್ಣವೂ ಕಂದಾಗಿದ್ದರೆ ಸೀದಿರುವ ಸಾಧ್ಯತೆ ಇದೆ. ಸೀದ ಹಿಂಡಿಯಲ್ಲಿ ಲೈಸಿನ್ ಸಕ್ಕರೆಯ ಅಂಶಕ್ಕೆ ಅಂಟಿಕೊಂಡು ಮರಿಗೆ ದಕ್ಕದಂತಾಗುತ್ತದೆ. ಒಳ್ಳೆಯ ಹಿಂಡಿ ತಿಳಿ ಹಳದಿ ಮಿಶ್ರಿತ ಬಣ್ಣದ್ದಾಗಿದ್ದು, ಹುರಿದ ಕಾಳಿನ ಹಿತವಾದ ವಾಸನೆ ಇರುತ್ತದೆ.

ಗಾಣದ ಮನೆ (ಇಂಡಿ)

ಹಾಗಾದರೆ ಶೇಂಗಾ ಹಿಂಡಿ ಕೆಲಸಕ್ಕೆ ಬಾರದ್ದು ಎಂದಾಯಿತೇ ಸಾಹೇಬರೇ? ಇದು ನಮ್ಮ ಹೊಟ್ಟೆಪಾಡು. ಮನಸ್ಸಿಗೆ ಬೇಸರವಾಯಿತು.

ನಿವೃತ್ತ ಪಶುವೈದ್ಯ (ಗೋಕಾಕ)

ಬೇಸರ ಮಾಡಿಕೊಳ್ಳಬೇಡಿ. ಸೋಯಾದ ಜೊತೆಗೆ ನೂರಕ್ಕೆ ಐದು, ಆರು ಕಿಲೋ ಶೇಂಗಾ ಹಿಂಡಿ ಧಾರಾಳವಾಗಿ ಸೇರಬಹುದು. ರುಚಿಯೂ ಬರುತ್ತದೆ, ಗಾಣದ ಹಿಂಡಿಯಲ್ಲಿ ಉಳಿದ ಎಣ್ಣೆಯಿಂದ ಶಕ್ತಿಯೂ ಸಿಗುತ್ತದೆ. ಒಂದೇ ಷರತ್ತು, ಬೂಷ್ಟು ಇರಬಾರದು.

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ಅದರ ಮೇಲೆ ಬೆಳೆದ ಬೂಷ್ಟಿನ ವಿಷವೇ ಅಫ್ಲಾಟಾಕ್ಸಿನ್. ಆ ವಿಷ ಜಗತ್ತಿಗೆ ಗೊತ್ತಾದದ್ದೇ ಆ ಮರಿಗಳ ಸಾವಿನಿಂದ. ಅದು ಮರಿಯ ಯಕೃತ್ತನ್ನು ಕೆಡಿಸುತ್ತದೆ, ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಲಸಿಕೆ ಹಾಕಿಸಿದ್ದರೂ ಫಲ ಕೊಡದಿರಬಹುದು. ನಮ್ಮ ಮಾನದಂಡದಲ್ಲಿ ಇದರ ಮಿತಿ ಒಂದು ಕಿಲೋ ಆಹಾರಕ್ಕೆ 20 ಮೈಕ್ರೋಗ್ರಾಂ. ಕಣ್ಣಿಗೆ, ಮೂಗಿಗೆ ಗೊತ್ತಾಗದ ಪ್ರಮಾಣ ಅದು. ಹುರಿದರೂ, ಬಿಸಿಲಿಗೆ ಹಾಕಿದರೂ ಉಂಟಾದ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಅದು ಹುಟ್ಟದಂತೆ ನೋಡಿಕೊಳ್ಳುವುದೊಂದೇ ಭದ್ರವಾದ ದಾರಿ. ಒಣಗಿದ ಕಾಯಿ, ಒಡೆಯದ ಬೀಜ, ತೇವವಿಲ್ಲದ ಕೋಣೆ.

ಖಾನಾಪುರ ಮಳೆ

ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಬರುತ್ತದೆ. ಜೂನ್ ನಂತರ ನಾನು ಶೇಂಗಾ ಹಿಂಡಿಯನ್ನು ಮನೆಯೊಳಗೆ ತರುವುದೇ ಇಲ್ಲ. ಇಂಡಿ, ವಿಜಯಪುರದ ಒಣ ಹವೆಯಲ್ಲಿ ನಡೆಯುವುದು ಪಶ್ಚಿಮ ಘಟ್ಟದ ಅಂಚಿನಲ್ಲಿ ನಡೆಯುವುದಿಲ್ಲ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು. ಕಲಸಿದ ಆಹಾರವನ್ನು ಒಂದೆರಡು ವಾರಕ್ಕೆ ಆಗುವಷ್ಟೇ ಮಾಡಿಕೊಳ್ಳಿ.

ಗಾಣದ ಮನೆ (ಇಂಡಿ)

ಸಾಹೇಬರ ಮಾತು ಒಪ್ಪಿದೆ. ಕೋಳಿಗೆ ಒಯ್ಯುವವರಿಗೆ ಹೊಸ ಹಿಂಡಿಯನ್ನೇ ಕೊಡುತ್ತೇನೆ, ಹಳೆಯ ದಾಸ್ತಾನಿನಿಂದ ತೆಗೆಯುವುದಿಲ್ಲ. ಕುಸುಬೆ ಹಿಂಡಿಯ ಬಗ್ಗೆಯೂ ತಿಳಿಸಿ. ನಮ್ಮ ಸೀಮೆಯ ಬೆಳೆ ಅದು, ಎತ್ತುಗಳಿಗೆ ಹಾಕುತ್ತೇವೆ.

ನಿವೃತ್ತ ಪಶುವೈದ್ಯ (ಗೋಕಾಕ)

ಎತ್ತಿಗೆ ಹಾಕಿ, ಮರಿಗೆ ಬೇಡ. ಸಿಪ್ಪೆ ಸಮೇತ ಹಿಂಡಿದ ಕುಸುಬೆ ಹಿಂಡಿಯಲ್ಲಿ ಪ್ರೋಟೀನ್ ಶೇ. 20ರ ಆಸುಪಾಸು, ನಾರು ಶೇ. 30ಕ್ಕೂ ಮೇಲೆ. ಮಾನದಂಡದಂತೆ ಮರಿ ಆಹಾರದಲ್ಲಿ ನಾರು ಶೇ. 7 ದಾಟಬಾರದು. ಎತ್ತಿನ ಹೊಟ್ಟೆಯಲ್ಲಿ ನಾರನ್ನು ಒಡೆಯುವ ಸೂಕ್ಷ್ಮಜೀವಿಗಳಿವೆ, ಮರಿಯ ಪುಟ್ಟ ಕರುಳಿಗೆ ಅದು ಬರೀ ಹೊರೆ.

ಬಾದಾಮಿಯ ಅಕ್ಕನವರು ಹತ್ತಿಕಾಳು ಹಿಂಡಿಯನ್ನು ಕೇಳಿದ್ದರು. ಅದರಲ್ಲಿ ಗಾಸಿಪಾಲ್ ಎಂಬ ಅಂಶವಿದೆ. ಅದು ಲೈಸಿನ್ನಿಗೂ ಕಬ್ಬಿಣಕ್ಕೂ ಅಂಟಿಕೊಳ್ಳುತ್ತದೆ. ಮೊಟ್ಟೆ ಇಡುವ ಕೋಳಿಗೆ ಹಾಕಿದರೆ ಕೂಡಿಟ್ಟ ಮೊಟ್ಟೆಯ ಹಳದಿ ಭಾಗ ಹಸಿರು ಬಣ್ಣಕ್ಕೆ ತಿರುಗುತ್ತದೆ. ಎಮ್ಮೆಗಳಿಗೆ ಅದು ಒಗ್ಗುತ್ತದೆ, ಹಾಲಿನ ಮನೆಯವರು ಅದನ್ನು ಮೆಚ್ಚುತ್ತಾರೆ, ಅಲ್ಲಿಯೇ ಇರಲಿ.

ಅಗಸೆ ಹಿಂಡಿಯನ್ನು ಇಲ್ಲಿ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅಗಸೆ ಒಳ್ಳೆಯದು ಎಂಬ ಮಾತು ಮನುಷ್ಯರ ಆಹಾರದಿಂದ ಕೋಳಿಗೂ ಹಬ್ಬುತ್ತಿದೆ. ಅದರಲ್ಲಿ ಬಿ6 ಜೀವಸತ್ವದ ಕೆಲಸವನ್ನು ತಡೆಯುವ ಅಂಶವಿದ್ದು, ಮರಿಗಳಿಗೆ ಅದು ಬೇಗ ತಟ್ಟುತ್ತದೆ. ಅದರ ಲೋಳೆಯಿಂದ ಹಿಕ್ಕೆಯೂ ಅಂಟಂಟಾಗುತ್ತದೆ. ಎಳೆಮರಿಗೆ ಕೊಡಬೇಡಿ.

ಅಕ್ಕನವರ ಪಟ್ಟಿಯಲ್ಲಿ ಮರಿಗೆ ಹೊಂದುವುದು ಸೂರ್ಯಕಾಂತಿ ಹಿಂಡಿ. ಅದರಲ್ಲಿ ಲೈಸಿನ್ ಕಡಿಮೆ, ಆದರೆ ಮಿಥಿಯೋನಿನ್ ಚೆನ್ನಾಗಿದೆ. ಸೋಯಾದ್ದು ಇದಕ್ಕೆ ತಿರುಗುಮುರುಗು. ಹಾಗಾಗಿ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಳ್ಳಿನ ಹಿಂಡಿಯೂ ಮಿಥಿಯೋನಿನ್ ವಿಷಯದಲ್ಲಿ ಒಳ್ಳೆಯದೇ, ಸಿಕ್ಕರೆ ಮೂರು, ನಾಲ್ಕು ಕಿಲೋ ಸೇರಿಸಬಹುದು.

ಜವಾರಿ ಗೂಡು (ಜಮಖಂಡಿ)

ನೀರಿನ ಮೇಲೆ ತೇಲುತ್ತ ಬೆಳೆಯುವ ಅಜೋಲ್ಲಾ ಸೊಪ್ಪು ಹಾಕಬಹುದೇ? ನಮ್ಮ ಊರಲ್ಲಿ ತೊಟ್ಟಿ ಕಟ್ಟಿದವರು ಬಹಳ ಇದ್ದಾರೆ.

ನಿವೃತ್ತ ಪಶುವೈದ್ಯ (ಗೋಕಾಕ)

ಒಣಗಿಸಿದರೆ ಶೇ. 20ರಿಂದ 25 ಪ್ರೋಟೀನ್ ನಿಜ. ಆದರೆ ಹಸಿ ಅಜೋಲ್ಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ಎಳೆಮರಿಯ ಹೊಟ್ಟೆ ನೀರಿನಿಂದ ತುಂಬಿಬಿಡುತ್ತದೆ. ಒಂದು ತಿಂಗಳು ದಾಟಿದ ಮರಿಗಳಿಗೆ ಮೇಲೋಗರವಾಗಿ ಕೊಡಿ, ಹಿಂಡಿಯ ಬದಲಿಗೆ ಬೇಡ.

ಕಲಬೆರಕೆ ಬೇಡ (ವಿಜಯಪುರ)

ಒಂದು ವಿಷಯ ಕೇಳಲೇಬೇಕು. ಮಿಥಿಯೋನಿನ್, ಲೈಸಿನ್ ಎಂದು ಅಂಗಡಿಯಲ್ಲಿ ಬಿಳಿ ಪುಡಿ ಮಾರುತ್ತಾರೆ. ನಾವು ಮನೆಯಲ್ಲೇ ಕಲಸಲು ಹೊರಟಿದ್ದು ರಾಸಾಯನಿಕಗಳಿಂದ ದೂರ ಇರಲು. ಮತ್ತೆ ಅದನ್ನೇ ತಂದು ಸುರಿಯುವುದಾದರೆ ಚೀಲದ ಆಹಾರ ಏನು ಪಾಪ ಮಾಡಿತ್ತು? ನಮ್ಮ ಮಕ್ಕಳು ತಿನ್ನುವ ಕೋಳಿ ಇದು.

ನಿವೃತ್ತ ಪಶುವೈದ್ಯ (ಗೋಕಾಕ)

ನಿಮ್ಮ ಕಾಳಜಿ ನ್ಯಾಯವಾದದ್ದು. ಆದರೆ ಇವು ಔಷಧವೂ ಅಲ್ಲ, ಹಾರ್ಮೋನೂ ಅಲ್ಲ. ಲೈಸಿನ್ ಅನ್ನು ಸಕ್ಕರೆಯ ಅಂಶವಿರುವ ದ್ರಾವಣದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಹುದುಗುವಿಕೆಯಿಂದ ಪಡೆಯುತ್ತಾರೆ. ಮಿಥಿಯೋನಿನ್ ಅನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ ಎಂಬುದು ಸರಿ, ಆದರೆ ಮರಿಯ ದೇಹ ಅದನ್ನು ಹಿಂಡಿಯ ಮಿಥಿಯೋನಿನ್ನಿನಂತೆಯೇ ಬಳಸಿ ಗರಿ ಮತ್ತು ಮಾಂಸ ಕಟ್ಟುತ್ತದೆ. ಅದು ಸಾಲದಿದ್ದಾಗ ಗರಿ ತಡವಾಗಿ ಮೂಡುತ್ತದೆ, ಮರಿಗಳು ಒಂದರ ಗರಿಯನ್ನು ಇನ್ನೊಂದು ಕುಕ್ಕಲು ತೊಡಗುತ್ತವೆ.

ಮೀನನ್ನು ಬಿಟ್ಟ ಮೇಲೆ ಈ ಪುಡಿಯನ್ನೂ ಬಿಡುತ್ತೇನೆ ಎಂದರೆ ಮಿಥಿಯೋನಿನ್ ಸರಿದೂಗಿಸಲು ಹಿಂಡಿಯನ್ನು ಅನಗತ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಅದರ ಹೊರೆ ಮರಿಯ ಮೂತ್ರಪಿಂಡದ ಮೇಲೂ ನಿಮ್ಮ ಕಿಸೆಯ ಮೇಲೂ ಬೀಳುತ್ತದೆ. ನೂರು ಕಿಲೋ ಆಹಾರಕ್ಕೆ ನೂರು ಗ್ರಾಮಿನ ಒಳಗಿನ ಪುಡಿಯ ಮಾತು ಇದು. ನಾನಂತೂ ಮರಿಯ ಪರವಾಗಿ ನಿಲ್ಲುತ್ತೇನೆ.

ಕಲಬೆರಕೆ ಬೇಡ (ವಿಜಯಪುರ)

ಹುದುಗುವಿಕೆಯಿಂದ ಬರುವುದು ಎಂದು ತಿಳಿದಿರಲಿಲ್ಲ. ಲೈಸಿನ್ ಬಗ್ಗೆ ನನ್ನ ತಕರಾರಿಲ್ಲ. ಮಿಥಿಯೋನಿನ್ ವಿಷಯದಲ್ಲಿ ಮನಸ್ಸು ಇನ್ನೂ ಪೂರ್ತಿ ಒಪ್ಪುತ್ತಿಲ್ಲ, ನಾನು ಎಳ್ಳಿನ ಹಿಂಡಿ, ಸೂರ್ಯಕಾಂತಿ ಹಿಂಡಿಯಿಂದಲೇ ಪ್ರಯತ್ನಿಸುತ್ತೇನೆ.

ಹಿಂಡಿ ಗಿರಣಿ (ಚಿಕ್ಕೋಡಿ)

ನಾನು ಆಹಾರ ಬೀಸಿ ಕಲಸಿಕೊಡುವ ಗಿರಣಿ ನಡೆಸುತ್ತೇನೆ. ಇಲ್ಲಿ ದರದ ಮಾತೇ ಬಂದಿಲ್ಲ. ಸೋಯಾ ಹಿಂಡಿಯ ದರ ನಿಂತಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ಅದು ಎಷ್ಟು ಏರಿತೆಂದರೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಲು ಅನುಮತಿ ಕೊಡಬೇಕಾಯಿತು. ಅಂಥ ಹೊತ್ತಿನಲ್ಲಿ ಸಣ್ಣವರು ಸೋಯಾ ಕಡಿತ ಮಾಡಿ ಅಗ್ಗದ ಹಿಂಡಿ ತುಂಬುತ್ತಾರೆ. ಸೂರ್ಯಕಾಂತಿ, ಶೇಂಗಾ ಹಿಂಡಿಯನ್ನು ಸ್ವಲ್ಪ ಹೆಚ್ಚಿಸಿದರೂ ಲೈಸಿನ್ ಪುಡಿಯನ್ನು ಸೇರಿಸಿದರೆ ನಷ್ಟ ತಪ್ಪುತ್ತದೆ. ಪುಡಿ ಸೇರಿಸದೆ ಹಿಂಡಿ ಮಾತ್ರ ಬದಲಿಸಿದವರ ಮರಿಗಳು ಒಂದು ದೊಡ್ಡದು, ಒಂದು ಸಣ್ಣದು ಎಂಬಂತೆ ಏರುಪೇರಾಗಿ ಬೆಳೆಯುವುದನ್ನು ನಾನು ನೋಡುತ್ತಲೇ ಇದ್ದೇನೆ.

ಇನ್ನೊಂದು ಮಾತು. ಹಿಂಡಿಯಲ್ಲಿ ಯೂರಿಯಾ ಬೆರೆಸಿದರೆ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚು ತೋರಿಸುತ್ತದೆ, ಏಕೆಂದರೆ ಆ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಎಲ್ಲರಿಗಿಂತ ಅಗ್ಗಕ್ಕೆ ಎಲ್ಲರಿಗಿಂತ ಹೆಚ್ಚು ಪ್ರೋಟೀನ್ ಎಂದು ಯಾರಾದರೂ ಹೇಳಿದರೆ ದೂರ ಇರಿ.

ಮಲಪ್ರಭಾ ದಂಡೆ (ಬಾದಾಮಿ ತಾಲ್ಲೂಕು)

ಎಲ್ಲರ ಮಾತನ್ನೂ ಸಂಘದ ಸಭೆಯಲ್ಲಿ ಓದಿ ಹೇಳಿದೆ. ಸೋಯಾ ಹಿಂಡಿಯನ್ನು ಕೂಡಿ ಕೊಳ್ಳೋಣ ಎಂದು ತೀರ್ಮಾನವಾಗಿದೆ. ಡಾಕ್ಟರ್ ಸಾಹೇಬರೇ, ನೂರು ಕಿಲೋಗೆ ಒಂದು ಲೆಕ್ಕ ಬರೆದುಕೊಟ್ಟರೆ ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಗೋವಿನಜೋಳ ಸಿಗುತ್ತದೆ. ಬಿಳಿಜೋಳವೂ ಸಿಗುತ್ತದೆ, ಆದರೆ ರೊಟ್ಟಿಯ ಜೋಳದ ದರ ಹೆಚ್ಚು.

ನಿವೃತ್ತ ಪಶುವೈದ್ಯ (ಗೋಕಾಕ)

ಹಾಗಾದರೆ ಗೋವಿನಜೋಳವೇ ಇರಲಿ. 60 ಕಿಲೋ ಗೋವಿನಜೋಳದ ನುಚ್ಚು, 28 ಕಿಲೋ ಬೇಯಿಸಿದ ಸೋಯಾ ಹಿಂಡಿ, 8 ಕಿಲೋ ಸೂರ್ಯಕಾಂತಿ ಹಿಂಡಿ. ಇಲ್ಲಿಗೆ 96 ಆಯಿತು. ಪ್ರೋಟೀನ್ ಶೇ. 20ರ ಮೇಲೆ, ಲೈಸಿನ್ ಶೇ. 1ರ ಸುತ್ತ ಬರುತ್ತದೆ. ನಾರು ಶೇ. 5ರ ಆಸುಪಾಸು. ಉಳಿದ 4 ಕಿಲೋದಲ್ಲಿ ರಂಜಕ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚುಕಡಿಮೆ ಎರಡು ಕಿಲೋ, ಸುಣ್ಣಕಲ್ಲಿನ ಪುಡಿ ಒಂದು ಕಿಲೋಗಿಂತ ತುಸು ಹೆಚ್ಚು, ಉಪ್ಪು 300 ಗ್ರಾಂ, ಮಿಥಿಯೋನಿನ್ 70 ಗ್ರಾಂ, ಮಿಕ್ಕದ್ದು ಬಿ12 ಮತ್ತು ಕೋಲೀನ್ ಇರುವ ಜೀವಸತ್ವ, ಖನಿಜಗಳ ಪೊಟ್ಟಣ, ಅದರ ಮೇಲೆ ಬರೆದ ಪ್ರಮಾಣದಲ್ಲಿ. ತೂಕ ಕಡಿಮೆ ಬಿದ್ದರೆ ಗೋವಿನಜೋಳದಿಂದ ತುಂಬಿ.

ಡೈಕ್ಯಾಲ್ಸಿಯಂ ಫಾಸ್ಫೇಟ್ ದುಬಾರಿ ಎಂದು ಬಿಡಬೇಡಿ. ಕಾಳು, ಹಿಂಡಿಗಳಲ್ಲಿರುವ ರಂಜಕದ ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿರುತ್ತದೆ, ಮರಿಗೆ ಬಿಡಿಸಿಕೊಳ್ಳಲು ಆಗದು. ಮೀನಿನ ಪುಡಿಯಲ್ಲಿ ಮುಳ್ಳಿನಿಂದ ಸಿಗುತ್ತಿದ್ದ ರಂಜಕವೂ ಈಗ ಇಲ್ಲ. ಹೀಗಾಗಿ ಮೀನು ಬಿಟ್ಟವರ ಮರಿಗಳಿಗೆ ಕಾಲು ಸೊಟ್ಟಗಾಗುವುದು ಹೆಚ್ಚು. ಕಟ್ಟಿಬಿದ್ದ ರಂಜಕವನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವ ಸಿಗುತ್ತದೆ, ಹಾಕಿದರೆ ಒಳ್ಳೆಯದು. ಹಾಗೆಂದು ಮೊಟ್ಟೆ ಕೋಳಿಯ ಆಹಾರದಷ್ಟು ಸುಣ್ಣವನ್ನು ಮರಿಗೆ ಹಾಕಬೇಡಿ, ಮೂತ್ರಪಿಂಡ ಕೆಡುತ್ತದೆ.

ಇದು ಎಂಟು ವಾರದವರೆಗೆ. ಆಮೇಲೆ ಶೇ. 16 ಪ್ರೋಟೀನ್ ಸಾಕು. ಆಗ ಸೋಯಾವನ್ನು ಇಳಿಸಿ ಸೂರ್ಯಕಾಂತಿ ಹಿಂಡಿ, ತೌಡು ಏರಿಸಬಹುದು. ಅಗ್ಗದ ಹಿಂಡಿಗೆ ಜಾಗ ಇರುವುದು ಆ ವಯಸ್ಸಿನಲ್ಲಿ, ಮೊದಲ ವಾರಗಳಲ್ಲಿ ಅಲ್ಲ. ಹೊಸ ಆಹಾರಕ್ಕೆ ಒಮ್ಮೆಲೇ ಬದಲಾಯಿಸದೆ ನಾಲ್ಕೈದು ದಿನ ಹಳೆಯದರ ಜೊತೆ ಬೆರೆಸುತ್ತ ಬನ್ನಿ. ವಾರಕ್ಕೊಮ್ಮೆ ಕೆಲವು ಮರಿಗಳನ್ನು ತೂಗಿ ಬರೆದಿಡಿ. ಹಿಂಡಿ ಅಥವಾ ಆಹಾರದ ಬಗ್ಗೆ ಅನುಮಾನ ಬಂದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗೋಕಾಕ ಕಡೆಯವರಿಗೆ ತುಕ್ಕಾನಟ್ಟಿ, ವಿಜಯಪುರದವರಿಗೆ ಹಿಟ್ನಳ್ಳಿ ಹತ್ತಿರ. ಮಾದರಿಯನ್ನು ಎಲ್ಲಿಗೆ ಕಳಿಸಬೇಕೆಂದು ಅವರು ಹೇಳುತ್ತಾರೆ.

ಮಲಪ್ರಭಾ ದಂಡೆ (ಬಾದಾಮಿ ತಾಲ್ಲೂಕು)

70 ಗ್ರಾಂ ಪುಡಿ ನೂರು ಕಿಲೋಗೆ ಸಮವಾಗಿ ಹರಡುವುದು ಹೇಗೆ? ನಾವು ಸಲಿಕೆಯಿಂದ ಕಲಸುವವರು.

ಹಿಂಡಿ ಗಿರಣಿ (ಚಿಕ್ಕೋಡಿ)

ಅಕ್ಕನವರೇ, ಸಣ್ಣ ತೂಕದ ಪುಡಿಗಳನ್ನೆಲ್ಲ ಮೊದಲು ಒಂದು ಕಿಲೋ ನುಚ್ಚಿನಲ್ಲಿ ಕೈಯಿಂದ ಚೆನ್ನಾಗಿ ಬೆರೆಸಿ. ಅದನ್ನು ಹತ್ತು ಕಿಲೋದಲ್ಲಿ ಬೆರೆಸಿ, ಆಮೇಲೆ ಪೂರ್ತಿ ರಾಶಿಗೆ ಹರಡಿ. ರಾಶಿಯನ್ನು ತಾಡಪತ್ರಿಯ ಮೇಲೆ ಈ ಬದಿಯಿಂದ ಆ ಬದಿಗೆ ನಾಲ್ಕೈದು ಸಲ ಮಗುಚಬೇಕು. ಗೋವಿನಜೋಳವನ್ನು ಹಿಟ್ಟಿನಂತೆ ನುಣ್ಣಗೆ ಬೀಸಿಸಬೇಡಿ, ಮರಿಗಳ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಸಣ್ಣ ರವೆಯಂತಿರಲಿ. ತುಂಬಿಡಲು ಗೊಬ್ಬರದ ಹಳೆಯ ಚೀಲ ಬಳಸಬೇಡಿ, ತೊಳೆದದ್ದಾದರೂ ಬೇಡ.